ಮೂಸಿ ನೋಡಿದ ಚೀಲ

ಬ್ಯಾಡಗಿಗೆ ಹೊಸದಾಗಿ ಬಂದವರು ಮೊದಲು ಮಾಡುವ ಕೆಲಸ ಸೀನುವುದು. ಬಸ್ಸಿನಿಂದ ಇಳಿದು ಸೀನುತ್ತಾರೆ, ಲಾಡ್ಜಿನ ಮೆಟ್ಟಿಲು ಹತ್ತುತ್ತ ಸೀನುತ್ತಾರೆ, ಕರವಸ್ತ್ರ ಹುಡುಕುತ್ತ ‘ಇಲ್ಲಿ ಹೇಗೆ ಇರ್ತೀರಪ್ಪ’ ಎನ್ನುತ್ತಾರೆ. ನಾವು ನಗುತ್ತೇವೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಊರ ಗಾಳಿಯಲ್ಲೇ ಖಾರ ಇರುತ್ತದೆ, ನಮಗೆ ಮಾತ್ರ ಅದು ಗೊತ್ತಾಗುವುದಿಲ್ಲ. ಇದನ್ನು ನಾನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಆ ಏಪ್ರಿಲ್ ತಿಂಗಳಾದ ಮೇಲೆ ಹೇಳಿಲ್ಲ.

ನಾನು ಖಾಸಗಿ ಪಶುವೈದ್ಯರೊಬ್ಬರ ಬಳಿ ಸಹಾಯಕ. ಎಮ್ಮೆಯ ಕಾಲು ಕಟ್ಟುವುದು, ಗಾಯ ತೊಳೆಯುವುದು, ಇಂಜೆಕ್ಷನ್ ತುಂಬಿ ಕೊಡುವುದು ನನ್ನ ಕೆಲಸ. ಊರೆಲ್ಲ ನನ್ನನ್ನು ಡಾಕ್ಟ್ರು ಎಂದು ಕರೆಯುತ್ತದೆ, ಡಾಕ್ಟರೊಬ್ಬರನ್ನು ಬಿಟ್ಟು. ಅವರು ಕರೆಯುವುದು ‘ಚಿಂತಾಮಣಿ’ ಎಂದು. ಕಾರಣ ಇದೆ. ಮನೆಗೆ ಬೀಗ ಹಾಕಿ ಓಣಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವವನು ನಾನು. ಈಚೆಗೆ ಊರಲ್ಲಿ ಸಾಕುನಾಯಿಗಳು ಹೆಚ್ಚಾಗಿ, ಅವನ್ನು ಹಾವೇರಿಗೋ ರಾಣೆಬೆನ್ನೂರಿಗೋ ಕರೆದುಕೊಂಡು ಹೋಗುವ ಕೆಲಸವೂ ನನ್ನ ಪಾಲಿಗೇ ಬಂತು. ಚಿಂತೆ ಮಾಡುವವನು ಜೊತೆಗಿದ್ದರೆ ನಾಯಿ ಸುರಕ್ಷಿತವಾಗಿ ಮುಟ್ಟುತ್ತದೆ ಎಂದು ಡಾಕ್ಟರ ನಂಬಿಕೆ.

ಆ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದರು. ಹೆಂಡತಿಯ ತೊಡೆಯ ಮೇಲೆ ಒಂದು ಪಗ್ ನಾಯಿ. ಚಪ್ಪಟೆ ಮೂಗು, ಮುಂದಕ್ಕೆ ಬಂದ ಕಣ್ಣು, ಹೆಸರು ಮುನ್ನಿ. ಆ ಅಕ್ಕ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವರು. ಒಲೆಯಿಂದ ಒಂದು ಮೊಳ ದೂರದಲ್ಲಿ ನಾಯಿ ಕೂರಬೇಕು, ಮೊದಲ ರೊಟ್ಟಿಯ ಚೂರು ಅದಕ್ಕೆ ಬೀಳಬೇಕು, ಆಮೇಲೆಯೇ ಎರಡನೆಯ ರೊಟ್ಟಿ. ಹೀಗೆ ಆರು ವರ್ಷದಿಂದ ನಡೆದಿತ್ತಂತೆ.

“ಮೂರು ದಿನ ಆತ್ರಿ ಡಾಕ್ಟ್ರ, ರೊಟ್ಟಿ ಮೂಸಿ ನೋಡಂಗಿಲ್ಲ,” ಎಂದರು ಅಕ್ಕ. “ನೀರು ಮಾತ್ರ ಕುಡಿದ ಕುಡಿತಾಳ. ಬಕೆಟ್ಟಿನ್ಯಾಗ ಮಾರಿ ಇಟ್ಟಳಂದ್ರ ತಗ್ಯಾಂಗಿಲ್ಲ.”

“ಅಕಿ ಅಂದ್ರ ನಾಯಿರೀ ಮತ್ತ,” ಎಂದರು ಗಂಡ. ಅವರು ದಲಾಲಿ ಅಂಗಡಿಯ ಗುಮಾಸ್ತರು. ನಗಿಸಲು ಹೇಳಿದ ಮಾತು, ಆದರೆ ಅವರೇ ನಗಲಿಲ್ಲ.

ಬೆದೆ ಮುಗಿದು ಒಂದೂವರೆ ತಿಂಗಳಾಗಿತ್ತು. ಹೊಟ್ಟೆ ಬಿಗಿದಿತ್ತು, ಬಾಲದ ಕೆಳಗೆ ಕೂದಲು ಅಂಟಿಕೊಂಡಿತ್ತು, ಜ್ವರ ಇತ್ತು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ ಕೈ ತೊಳೆದುಕೊಂಡರು.

“ಗರ್ಭಕೋಶದಾಗ ಕೀವು ತುಂಬೈತಿ. ಹಾವೇರ್ಯಾಗ ಸ್ಕ್ಯಾನ್ ಮಾಡಿಸಿಕೊಂಡು ಹಂಗ ರಾಣೆಬೆನ್ನೂರಿಗೆ ಹೋಗ್ರಿ. ಅಲ್ಲಿ ಡಾಕ್ಟರಮ್ಮಗ ನಾ ಫೋನ್ ಮಾಡ್ತೇನಿ. ಇವತ್ತ ತಗೀಬೇಕು. ನಾಳಿಗೆ ಇಟ್ಟರ ಒಳಗ ಒಡೀತೈತಿ.” ಆಮೇಲೆ ನನ್ನ ಕಡೆ ತಿರುಗಿ, “ಚಿಂತಾಮಣಿ, ಜ್ವಾಕಿ. ಚಪ್ಪಟಿ ಮೂಗಿನ ಜಾತಿ ಇದು. ಬಿಸಿಲಿಗೆ ತಡಿಯಂಗಿಲ್ಲ,” ಎಂದರು.

ಅಂದು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ದಿನ, ಮಾಲಿಗೆ ಬೆಲೆ ಕಟ್ಟುವ ದಿನ. ಗುಮಾಸ್ತರಿಗೆ ಮಧ್ಯಾಹ್ನದವರೆಗೆ ಅಂಗಡಿ ಬಿಡುವಂತಿರಲಿಲ್ಲ. ಬಾಡಿಗೆ ಗಾಡಿ ಒಂದೂ ಸಿಗಲಿಲ್ಲ. ಕೊನೆಗೆ ಮಾಲೀಕರನ್ನು ಕೇಳಿ ಅಂಗಡಿಯ ಓಮ್ನಿಯನ್ನೂ ಅದರ ಡ್ರೈವರನ್ನೂ ಕಳಿಸಿಕೊಟ್ಟರು. ಡ್ರೈವರ್ ನನ್ನ ವಯಸ್ಸಿನವನೇ.

ನನ್ನ ತಯಾರಿಯನ್ನು ಇಲ್ಲಿ ಬರೆಯಲೇಬೇಕು. ಕುತ್ತಿಗೆ ಪಟ್ಟಿ ತೆಗೆದು ಎದೆಗೆ ಹಾಕುವ ಪಟ್ಟಿ ಹಾಕಿದೆ, ಗಂಟಲು ಒತ್ತಬಾರದು ಎಂದು. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟನ್ನು ಡೆಟಾಲಿನಲ್ಲಿ ತೊಳೆದು ಹಿಂದಿನ ಸೀಟಿನ ಮೇಲಿಟ್ಟು ಬೆಲ್ಟಿನಿಂದ ಕಟ್ಟಿದೆ. ಕಾಲು ಕಂಡಿಯಲ್ಲಿ ಸಿಗದಂತೆ ತಳಕ್ಕೆ ಹಳೆಯ ಚಾದರ. ಐಸಾದ ನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಮೂಲೆಗೆ. ಕುಡಿಯಲು ನೀರು, ತೋಯಿಸಲು ನೀರು, ಒಂದು ಸಲೈನ್ ಬಾಟಲಿ, ಥರ್ಮಾಮೀಟರ್. ಕಿಟಕಿ ಎರಡು ಬೆರಳು ಮಾತ್ರ ತೆರೆದಿರಬೇಕು, ನಾಯಿಯ ತಲೆ ಹೊರಗೆ ಹೋಗಬಾರದು. ಅರ್ಧ ಗಂಟೆಗೊಮ್ಮೆ ಒಸಡಿನ ಬಣ್ಣ ನೋಡಬೇಕು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ.

“ಕ್ರೇಟು ಬ್ಯಾಡ್ರಿ,” ಎಂದರು ಅಕ್ಕ ಗಾಡಿ ಹತ್ತುವಾಗ. “ನಾ ತೊಡಿ ಮ್ಯಾಲೆ ಇಟ್ಕೋತೀನಿ. ಅಕಿಗೆ ರೂಢಿ ಇಲ್ಲ.”

“ಅಕ್ಕಾರ, ಬ್ರೇಕ್ ಹಾಕಿದ್ರ ನೀವು ಗಾಬರಿಲೆ ಅಕಿ ಹೊಟ್ಟಿ ಹಿಡಿತೀರಿ. ಒಳಗ ಕೀವಿನ ಚೀಲ ಐತಿ. ಒಡೀತಂದ್ರ ಮುಗೀತು. ಕ್ರೇಟಿನ್ಯಾಗ ಇರ್ಲಿ, ಬಾಜೂಕ ನೀವು ಕುಂದ್ರಿ.”

“ಬ್ರೇಕಿನ ಚಿಂತಿ ಬಿಡ್ರಿ,” ಎಂದ ಡ್ರೈವರ್. “ಈ ಗಾಡ್ಯಾಗ ಬ್ರೇಕ್ ಎಲ್ಲೈತಿ.”

ನಾನು ಇಳಿದು, ಅವನ ಕೈಯಿಂದ ಗಾಡಿ ಒಂದು ಗಜ ಓಡಿಸಿ ಬ್ರೇಕ್ ಹಾಕಿಸಿ ನೋಡಿದೆ. ಅಕ್ಕನ ಮುಖದಲ್ಲಿ ಆ ದಿನದ ಒಂದೇ ಒಂದು ನಗು ಕಂಡದ್ದು ಆಗ. ನಾಯಿಯನ್ನು ಕ್ರೇಟಿನಲ್ಲಿಟ್ಟರು, ಕೈ ಮಾತ್ರ ಒಳಗೇ ಇಟ್ಟುಕೊಂಡರು.

ಹಾವೇರಿಯವರೆಗೆ ತೊಂದರೆ ಇರಲಿಲ್ಲ. ಸ್ಕ್ಯಾನಿನ ಮೇಜಿನ ಮೇಲೆ ಮುನ್ನಿಯನ್ನು ಅಂಗಾತ ಹಿಡಿದುಕೊಂಡಾಗ ಪರದೆಯ ಮೇಲೆ ಕಪ್ಪು ಕೊಳವೆಗಳು ಹೀರೇಕಾಯಿಯಷ್ಟು ದಪ್ಪ ಕಂಡವು. ಇನ್ನೂ ಒಡೆದಿಲ್ಲ, ಆದರೆ ಇವತ್ತೇ ಆಗಬೇಕು ಎಂದರು ಸ್ಕ್ಯಾನ್ ಮಾಡಿದವರು. ರಾಣೆಬೆನ್ನೂರಿಗೆ ಫೋನ್ ಮಾಡಿದೆ. ಡಾಕ್ಟರಮ್ಮ ಮೈಸೂರು ಕಡೆಯವರು, ಒಂದು ಗಂಟೆಗೆ ಟೇಬಲ್ ಸಿದ್ಧ ಇಟ್ಟಿರುತ್ತೇನೆ ಎಂದರು. ಆಗ ಹನ್ನೊಂದೂವರೆ. ಎಲ್ಲವೂ ನನ್ನ ಚೀಟಿಯ ಪ್ರಕಾರವೇ ನಡೆದಿತ್ತು, ಅದೇ ನನಗೆ ಒಂಥರಾ ಭಯ ತಂದಿತ್ತು.

ಗಾಡಿಗೆ ಬಂದು ನೋಡಿದರೆ ಚಾದರ ಕೆಟ್ಟಿತ್ತು. ಬರುವಾಗ ಕೀವು ಸೋರಿ ಅರ್ಧ ಒದ್ದೆಯಾಗಿ ನಾರುತ್ತಿತ್ತು. ಅದರ ಮೇಲೆ ಮತ್ತೆ ಮಲಗಿಸುವುದು ಬೇಡ ಎಂದು ಸುತ್ತಿ ಕಸದ ತೊಟ್ಟಿಗೆ ಹಾಕಿದೆ. ಬರಿಯ ಕ್ರೇಟಿನಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಚಾದರ ನನ್ನ ಚೀಟಿಯಲ್ಲಿರಲಿಲ್ಲ.

“ಸೀಟಿನ ಕೆಳಗ ಖಾಲಿ ಚೀಲ ಅದಾವ ನೋಡ್ರಿ,” ಎಂದ ಡ್ರೈವರ್. “ಝಾಡಿಸಿ ಮಡಚಿ ಇಟ್ಟೇನಿ.”

ನಾನು ಒಂದು ಗೋಣಿಚೀಲ ತೆಗೆದು ಬಿಸಿಲಿಗೆ ಹಿಡಿದೆ. ಹಿಂದೊಮ್ಮೆ ಕೀಟನಾಶಕ ಇಟ್ಟಿದ್ದ ಚೀಲ ಹೊದಿಸಿ ಕರುವೊಂದು ಸತ್ತದ್ದನ್ನು ನೋಡಿದವನು. ಆದ್ದರಿಂದ ಮೊದಲು ಒಳಮೈ ಹೊರಗೆ ಮಾಡಿ ಇನ್ನೊಮ್ಮೆ ಝಾಡಿಸಿದೆ. ಹೊಲಿಗೆಯ ಸುತಳಿ ಉಗುರಿಗೆ ಸಿಗದಂತೆ ಕಿತ್ತು ತೆಗೆದೆ. ತಂತಿಯ ಚೂರು ಇದೆಯೋ ಎಂದು ಅಂಗೈಯಿಂದ ಸವರಿದೆ. ಕೊನೆಗೆ ಮುಖಕ್ಕೆ ಒತ್ತಿ ಹಿಡಿದು ಉದ್ದ ಉಸಿರೆಳೆದು ಮೂಸಿದೆ. ಔಷಧದ ವಾಸನೆ ಇಲ್ಲ. ಗೊಬ್ಬರದ ವಾಸನೆ ಇಲ್ಲ. ಸೀಮೆಎಣ್ಣೆ ಇಲ್ಲ. ಖಾಲಿ ಚೀಲದ ವಾಸನೆ.

ನಾಲ್ಕು ಮಡಿಕೆ ಮಾಡಿ ಕ್ರೇಟಿಗೆ ಹಾಸಿದೆ.

ಹಾವೇರಿ ಬಿಟ್ಟು ಹೆದ್ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಮುನ್ನಿ ಸೀನಿದಳು. ಆಮೇಲೆ ಗೊರಗೊರ ಸದ್ದು. ಪಗ್ ನಾಯಿಗಳು ಎಚ್ಚರವಿದ್ದಾಗಲೂ ಗೊರಕೆ ಹೊಡೆಯುತ್ತವೆ, ಅದು ನನಗೆ ಗೊತ್ತಿತ್ತು.

“ಇದು ಯಾವತ್ತಿನ ಸದ್ದಲ್ಲರಿ,” ಎಂದರು ಅಕ್ಕ. “ಒಲಿ ಮುಂದ ಕುಂತಾಗೂ ಹಿಂಗ ಮಾಡಂಗಿಲ್ಲ.”

ಒಸಡು ನೋಡಿದೆ, ಕೆಂಪಗಿತ್ತು. ಬಾಯಿಂದ ನೊರೆ ಬರುತ್ತಿತ್ತು. ಬಿಸಿಲು ಹತ್ತಿದೆ ಎಂದುಕೊಂಡೆ. ಗಾಡಿಯಲ್ಲಿ ಎಸಿ ಇಲ್ಲ, ಕಿಟಕಿಯಿಂದ ಬರುತ್ತಿದ್ದುದು ಒಲೆಯ ಮುಂದಿನ ಗಾಳಿ. ಬೆಳಿಗ್ಗೆ ಡಾಕ್ಟರು ಹೇಳಿದ ಮಾತು ಕಿವಿಯಲ್ಲಿತ್ತು. ಗೋಣಿಚೀಲ ತೋಯಿಸುವುದು ನಮ್ಮ ಕಡೆ ಎಲ್ಲ ತಾಪಕ್ಕೂ ಮದ್ದು. ಕುಡಿಯುವ ನೀರಿನ ಹರವಿಗೆ ಸುತ್ತುತ್ತೇವೆ, ಬಾಳೆಹಣ್ಣಿನ ಬುಟ್ಟಿಗೆ ಹೊದಿಸುತ್ತೇವೆ, ಎಮ್ಮೆಯ ಬೆನ್ನಿನ ಮೇಲೆ ಹಾಕುತ್ತೇವೆ. ನಾನು ಒಂದು ಲೀಟರಿನ ಬಾಟಲಿ ಪೂರ್ತಿ ಚೀಲದ ಮೇಲೆ ಸುರಿದೆ. ಮೇಲೆ ಉಳಿದಿದ್ದ ಚೀಲದ ಅಂಚನ್ನು ಹಿಂಡಿ ಮುನ್ನಿಯ ಬೆನ್ನಿಗೆ ಹೊದಿಸಿದೆ.

ಆಮೇಲೆ ಆ ನಾಯಿ ಕೂಗಿದ ರೀತಿಯನ್ನು ನಾನು ವರ್ಣಿಸುವುದಿಲ್ಲ. ಕ್ರೇಟಿನಲ್ಲಿ ಸುತ್ತುತ್ತಿತ್ತು. ಹೊಟ್ಟೆ ಎತ್ತಿ ನಿಲ್ಲುತ್ತಿತ್ತು, ಮುಖವನ್ನು ಚೀಲಕ್ಕೇ ತಿಕ್ಕುತ್ತಿತ್ತು. ತುರಿಕೆಯಾದಾಗ ಅದಕ್ಕೆ ತಿಕ್ಕಿಕೊಳ್ಳಲು ಅದೊಂದೇ ಇತ್ತು. “ನಿಂದರಸ್ರಿ,” ಎಂದೆ. ಮೋಟೆಬೆನ್ನೂರು ದಾಟಿ, ಹೆದ್ದಾರಿಯ ಪಕ್ಕದ ಒಂದು ಚಹಾ ಅಂಗಡಿಯ ಮುಂದೆ ಡ್ರೈವರ್ ನಿಲ್ಲಿಸಿದ.

ಬೆವರು ಕಣ್ಣಿಗೆ ಇಳಿಯುತ್ತಿತ್ತು. ಚೀಲ ಹಿಂಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡೆ.

ಕೆಂಡ ಇಟ್ಟಂತಾಯಿತು. ಒಂದು ಕಣ್ಣು ಮುಚ್ಚಿ ಗಾಡಿಯ ಬಾಗಿಲು ಹಿಡಿದು ನಿಂತೆ. ಮೂಗಿಗೆ ರೂಢಿಯಾಗುತ್ತದೆ, ಬೆರಳಿಗೆ ರೂಢಿಯಾಗುತ್ತದೆ. ಕಣ್ಣಿಗೆ ರೂಢಿ ಎಂಬುದಿಲ್ಲ. ಆ ಒಂದು ಕಣ್ಣು ನನಗೆ ಎಲ್ಲವನ್ನೂ ಹೇಳಿತು. ಅದು ಮೆಣಸಿನಕಾಯಿ ಚೀಲ. ಝಾಡಿಸಿದಾಗ ಬಿದ್ದುಹೋದದ್ದು ಬೀಜ ಮತ್ತು ತೊಟ್ಟು ಮಾತ್ರ. ಸಣ್ಣ ಪುಡಿ ನಾರಿನೊಳಗೇ ಇತ್ತು. ನಾನು ಅದಕ್ಕೆ ನೀರು ಹಾಕಿ ಅರೆದಂತೆ ಮಾಡಿ, ಕೂದಲಿಲ್ಲದ ಹೊಟ್ಟೆಯ ಕೆಳಗೆ ಹಾಸಿದ್ದೆ.

“ಅಕ್ಕಾರ, ಎತ್ರಿ ಅಕಿನ್ನ. ಚೀಲದಾಗ ಖಾರ ಐತಿ.”

ಅವರು ಎತ್ತಿಕೊಂಡರು. ನಾಯಿಯ ಕಣ್ಣು ಮುಚ್ಚಿದ್ದವು, ರೆಪ್ಪೆ ಊದಿದ್ದವು. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು.

ಡ್ರೈವರ್ ಎಂಜಿನ್ ಆರಿಸಿರಲಿಲ್ಲ. “ನಡೀರಿ ಡಾಕ್ಟ್ರ, ಇಪ್ಪತ್ತು ಇಪ್ಪತ್ತೈದು ನಿಮಿಷದಾಗ ಮುಟ್ಟಸ್ತೇನಿ,” ಎಂದ. ಅಲ್ಲಿ ಆಕ್ಸಿಜನ್ ಇತ್ತು. ಇಲ್ಲಿ ಒಂದು ಚಹಾ ಅಂಗಡಿ. ಆದರೆ ಇಪ್ಪತ್ತೈದು ನಿಮಿಷ ಅದು ಮೈಮೇಲಿನ ಖಾರವನ್ನು ನೆಕ್ಕುತ್ತ, ಉಸಿರಲ್ಲಿ ಎಳೆಯುತ್ತ ಹೋಗಬೇಕು. ಜೀವನದಲ್ಲಿ ಬೀಗ ಹಾಕಲೂ ಎರಡು ಸಲ ಯೋಚಿಸುವ ನಾನು ಅಲ್ಲಿ ಒಂದೇ ಸಲ ಯೋಚಿಸಿದೆ. ಮೊದಲು ತೊಳೆಯುವುದು, ಆಮೇಲೆ ಹೋಗುವುದು ಎಂದೆ. ಅದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ.

ಖಾರ ನೀರಿಗೆ ಬಿಡುವುದಿಲ್ಲ, ಹಾಲಿಗೆ, ಎಣ್ಣೆಗೆ, ಸೋಪಿಗೆ ಬಿಡುತ್ತದೆ. ಚಹಾ ಅಂಗಡಿಯವನ ಮುಂದೆ ಹೋಗಿ ಇದ್ದಷ್ಟು ತಣ್ಣನೆ ಹಾಲು ಕೊಡು ಎಂದೆ.

“ಎಷ್ಟು ಕಪ್ಪು?”

“ಚಹಾಕ್ಕ ಅಲ್ಲೋ ಮಾರಾಯ, ನಾಯಿ ತೊಳೀಬೇಕು.”

ಅವನು ನನ್ನ ಕೆಂಪು ಕಣ್ಣು ನೋಡಿ ಕುಡಿದಿದ್ದೇನೆ ಎಂದುಕೊಂಡಿರಬೇಕು. “ನಡು ಮಧ್ಯಾಹ್ನ ಎಂಥೆಂಥಾವ್ರು ಬರ್ತೀರಪಾ,” ಎಂದ. ಆಮೇಲೆ ಅಕ್ಕನ ಕೈಯಲ್ಲಿದ್ದುದನ್ನು ನೋಡಿದ. ಮತ್ತೇನೂ ಕೇಳದೆ ಹಾಲಿನ ಪಾಕೀಟುಗಳನ್ನು ಹಲ್ಲಿನಿಂದ ಹರಿದು ತಾನೇ ಸುರಿಯತೊಡಗಿದ. ಹಾಲಿನ ಮೇಲೆ ಪಾತ್ರೆ ತೊಳೆಯುವ ಸೋಪು, ಅದರ ಮೇಲೆ ನೀರು. ಕಣ್ಣಿಗೆ ನನ್ನ ಸಲೈನ್ ಬಾಟಲಿ ಪೂರ್ತಿ. ಅಕ್ಕ ನಾಯಿಯ ಬಾಯಿಯನ್ನು ಸೆರಗಿನಿಂದ ಒರೆಸುತ್ತಿದ್ದರು. ಕೈ ಗಡಿಯಾರ ನೋಡಿದಾಗ ಅರ್ಧ ಗಂಟೆಗೂ ಹೆಚ್ಚು ಕಳೆದಿತ್ತು. ಕೂಗು ನಿಂತಿತ್ತು. ಉಸಿರಿನ ಸದ್ದು ನಿಂತಿರಲಿಲ್ಲ.

ಚೀಲವನ್ನು ಎಸೆಯಲು ಡ್ರೈವರ್ ಕೈ ಹಾಕಿದ. ಬೇಡ ಎಂದೆ. ಡಾಕ್ಟರಮ್ಮನಿಗೆ ಏನಾಗಿದೆ ಎಂದು ತೋರಿಸಬೇಕಿತ್ತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹಿಂದೆ ಹಾಕಿದೆ. ಮುನ್ನಿ ಅಲ್ಲಿಂದ ಮುಂದೆ ತೊಡೆಯ ಮೇಲೆ ಹೋದಳು.

ರಾಣೆಬೆನ್ನೂರಿನಲ್ಲಿ ಡಾಕ್ಟರಮ್ಮ ತಾವೇ ಬಂದು ಗಾಡಿಯ ಬಾಗಿಲು ಎಳೆದರು. ಎಳೆದವರೇ ಮುಖ ತಿರುಗಿಸಿ ಸೀನಿದರು. ಮತ್ತೆ ಸೀನಿದರು.

“ಏನ್ರೀ ಇದು, ಗಾಡಿ ತುಂಬ ಖಾರ. ಇದರಲ್ಲಿ ನಾಯಿ ಕರ್ಕೊಂಡು ಬಂದಿದ್ದೀರಾ? ನಿಮಗೆ ಯಾರಿಗೂ ಗೊತ್ತಾಗಲಿಲ್ವಾ?”

ನಾನು ಸುತ್ತಿಟ್ಟಿದ್ದ ಚೀಲ ತೋರಿಸಿದೆ. ನನಗೆ ಆಗಲೂ ಏನೂ ವಾಸನೆ ಬರುತ್ತಿರಲಿಲ್ಲ.

ಆಕ್ಸಿಜನ್ ಹಾಕಿದರು, ಊತ ಇಳಿಯಲು ಇಂಜೆಕ್ಷನ್ ಕೊಟ್ಟರು, ಕಣ್ಣಿಗೆ ಹಸಿರು ಬಣ್ಣದ ಹನಿ ಬಿಟ್ಟು ಗಾಯ ನೋಡಿದರು. ಈ ಉಸಿರಿನಲ್ಲಿ ಅರಿವಳಿಕೆ ಕೊಡಲಾಗದು, ಕಾಯಬೇಕು ಎಂದರು. ಕಾದೆವು. ಮೂರೂವರೆಗೆ ಜ್ವರ ತಾನೇ ಇಳಿಯತೊಡಗಿತು. ಅದು ಒಳ್ಳೆಯದಲ್ಲ, ವಿಷ ರಕ್ತಕ್ಕೆ ಏರುತ್ತಿದೆ ಎಂಬುದು ನನಗೂ ಗೊತ್ತಿತ್ತು. ಇನ್ನು ಕಾದರೂ ಹೋಗುತ್ತದೆ, ಮಾಡಿದರೆ ಒಂದು ದಾರಿ ಇದೆ ಎಂದು ಡಾಕ್ಟರಮ್ಮ ಅಕ್ಕನಿಗೆ ವಿವರಿಸಿದರು. ಅಕ್ಕ ಸಹಿ ಮಾಡಿದರು. ನಾನು ಕೈ ತೊಳೆದು, ಮತ್ತೆ ತೊಳೆದು, ಒಳಗೆ ನಿಂತೆ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿಯೇ ಆಯಿತು. ಗರ್ಭಕೋಶ ಒಡೆಯದೆ ಪೂರ್ತಿಯಾಗಿ ಹೊರಗೆ ಬಂತು, ತಟ್ಟೆಯಲ್ಲಿ ತೂಗುವಷ್ಟು ಭಾರ. ಹೊಲಿಗೆ ಮುಗಿಯಿತು. ಮುನ್ನಿ ಕಾಲು ಅಲ್ಲಾಡಿಸಿದಳು. ಗಂಟಲಲ್ಲಿದ್ದ ಉಸಿರಿನ ನಳಿಗೆ ಅವಳಿಗೆ ತಡೆಯದಾಗಿ ಕೆಮ್ಮತೊಡಗಿದಾಗ ಅದನ್ನು ತೆಗೆಯಲೇಬೇಕಾಯಿತು. ತೆಗೆದರು. ಊದಿದ ಗಂಟಲು ಅದರ ಹಿಂದೆಯೇ ಮುಚ್ಚಿಕೊಂಡಿತು. ಮತ್ತೆ ನಳಿಗೆ ಇಳಿಸಲು ಜಾಗ ಕಾಣಲಿಲ್ಲ. ಡಾಕ್ಟರಮ್ಮ ಕುತ್ತಿಗೆ ಸೀಳಿ ದಾರಿ ಮಾಡಿದರು, ನಾನು ಎದೆ ಒತ್ತಿದೆ. ಬಹಳ ಹೊತ್ತು ಒತ್ತಿದೆ. ಸಾಕು ಎಂದು ಅವರೇ ನನ್ನ ಕೈ ಹಿಡಿದರು.

“ಗರ್ಭಕೋಶದಿಂದ ಹೋಗಿಲ್ಲ,” ಎಂದರು ಕೈಗವಸು ತೆಗೆಯುತ್ತ. “ಅದು ಬದುಕೋ ಕೇಸು.” ನನ್ನನ್ನು ನೋಡಿ ಹೇಳಲಿಲ್ಲ. ಅವರ ಸೌಜನ್ಯ.

ಹೊರಗೆ ಬರುವ ಹೊತ್ತಿಗೆ ಗುಮಾಸ್ತರು ಬಸ್ಸು ಹಿಡಿದು ಬಂದು ಹೆಂಡತಿಯ ಪಕ್ಕ ಕೂತಿದ್ದರು. ನಮ್ಮ ಮುಖ ನೋಡಿಯೇ ತಿಳಿದುಕೊಂಡರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗುಮಾಸ್ತರು, “ಬಿಸಿಲು ಭಾಳ ಇತ್ತ್ರಿ ಇವತ್ತ,” ಎಂದರು. “ನೀವರ ಏನು ಮಾಡ್ತೀರಿ. ಕೈಲಾದದ್ದು ಮಾಡೀರಿ.”

ಡ್ರೈವರ್ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದ. ಸುಮ್ಮನಿರ್ರಿ ಎಂಬ ನೋಟ. ಡಾಕ್ಟರಮ್ಮ ಒಳಗಿದ್ದರು. ದಾರಿಯಲ್ಲಿ ಆದದ್ದರಿಂದಲೇ ಸಾವು ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಖಾರ ತೊಳೆದದ್ದಾಯಿತು, ಆಮೇಲೆ ಆಪರೇಷನ್ನಿನಲ್ಲಿ ಹೋಯಿತು ಎಂದು ಅವರು ತಿಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಬಿಸಿಲು ಎಂದರೆ ಎಲ್ಲರೂ ಒಪ್ಪುತ್ತಿದ್ದರು. ನನಗೂ ಆ ಮಾತು ಬಹಳ ತಂಪಾಗಿ ಕಂಡಿತು.

“ಬಿಸಿಲಲ್ಲರಿ,” ಎಂದೆ. “ಚೀಲದಾಗಿನ ಖಾರಕ್ಕ ಗಂಟಲ ಊದಿತ್ತು. ಅದ ಮುಚ್ಚಿಕೊಂಡು ಹೋತು. ಆಪರೇಷನ್ ಬರೋಬ್ಬರಿ ಆಗಿತ್ತು. ಚೀಲ ಹಾಸಿದಾಂವ ನಾನು. ಮ್ಯಾಲೆ ನೀರು ಹೊಯ್ದಾಂವನೂ ನಾನ.”

ಗುಮಾಸ್ತರು ಎದ್ದು ಗಾಡಿಗೆ ಹೋಗಿ ಆ ಚೀಲ ಬಿಚ್ಚಿದರು. ಮೂಗಿಗೆ ಹಿಡಿದರು. ತಿರುಗಿಸಿ ಇನ್ನೊಂದು ಕಡೆ ಮೂಸಿದರು. ಡ್ರೈವರನಿಗೂ ಕೊಟ್ಟರು.

“ಎಲ್ಲೈತ್ರಿ ಘಾಟು?” ಎಂದರು ನನ್ನ ಕಡೆ ನೋಡಿ. ಸಮಾಧಾನ ಹೇಳಲು ಕೇಳಿದ ಪ್ರಶ್ನೆಯಲ್ಲ, ನಿಜವಾಗಿಯೂ ಅವರಿಗೆ ಬರುತ್ತಿರಲಿಲ್ಲ. “ಏನೂ ಇಲ್ಲಲ್ರಿ ಇದರಾಗ.”

ಅಕ್ಕ ಚೀಲದ ಹತ್ತಿರ ಬರಲಿಲ್ಲ. ನನ್ನನ್ನು ಬೈಯಲೂ ಇಲ್ಲ.

“ತೊಡಿ ಮ್ಯಾಲೆ ಇಟ್ಕೋತೀನಿ ಅಂದಿದ್ದೆ,” ಎಂದರು ಅಷ್ಟೆ.

ವಾಪಸ್ಸು ಬರುವಾಗ ಮುನ್ನಿಯನ್ನು ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಖಾಲಿ ಕ್ರೇಟು ಬೆಲ್ಟು ಕಟ್ಟಿಕೊಂಡು ಪಕ್ಕದಲ್ಲಿ ಕೂತಿತ್ತು.

ಆಮೇಲೆ ನಾನು ಈ ಕೆಲಸ ಬಿಡುತ್ತೇನೆ ಎಂದೆ. ಡಾಕ್ಟರು ಬಿಡಲಿಲ್ಲ. ಇನ್ನೊಬ್ಬನನ್ನು ಕಳಿಸಿದರೂ ಅವನ ಮೂಗೂ ಬ್ಯಾಡಗಿಯದೇ ಎಂದರು. ಅದು ನಿಜ. ಹಾಗಾಗಿ ಈಗ ನನ್ನ ಚೀಟಿಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಸಾಲಿದೆ. ಪ್ರಾಣಿಯನ್ನು ಗಾಡಿಗೆ ಹತ್ತಿಸುವ ಮೊದಲು ಹಾಸಿಗೆ, ಸೀಟು, ನೆಲ ಎಲ್ಲದರ ಮೇಲೆ ಒದ್ದೆ ಅಂಗೈ ಒತ್ತಿ ಸವರುತ್ತೇನೆ. ಆ ಕೈಯಿಂದ ನನ್ನ ಕಣ್ಣಿನ ರೆಪ್ಪೆಯೊಳಗೆ ಮುಟ್ಟಿಕೊಳ್ಳುತ್ತೇನೆ. ನೂರು ಎಣಿಸುತ್ತೇನೆ. ಸುಗ್ಗಿಯಲ್ಲಿ ಹತ್ತರಲ್ಲಿ ನಾಲ್ಕು ಗಾಡಿಗಳಾದರೂ ವಾಪಸ್ಸು ಹೋಗುತ್ತವೆ. ಓಣಿಯವರು ನೋಡಿ ನಗುತ್ತಾರೆ. ಡಾಕ್ಟ್ರು ಗಾಡಿಗೆ ನಮಸ್ಕಾರ ಮಾಡಿ ಕಣ್ಣಿಗೆ ಒತ್ತಿಕೊಳ್ಳಾಕತ್ತಾರ ಎಂದು ಒಬ್ಬ ಹೇಳಿದ.

ಈ ಸಲದ ಸುಗ್ಗಿಯಲ್ಲಿ ಆ ಅಕ್ಕ ಬಂದರು. ಎರಡು ವರ್ಷದಲ್ಲಿ ಅವರು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಬೀದಿಯ ಒಂದು ಕರಿ ನಾಯಿಮರಿ, ಹಿಂದಿನ ಕಾಲಿಗೆ ಬೈಕು ತಾಗಿತ್ತು. ಎಕ್ಸ್‌ರೇಗೆ ಹಾವೇರಿಗೆ ಹೋಗಬೇಕಿತ್ತು. ಮುರಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುವಂತಿಲ್ಲ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಕ್ರೇಟನ್ನು ಕಟ್ಟೆಯ ಮೇಲಿಟ್ಟು, ಹೊಸ ಚಾದರ ಹಾಸಿ, ಅಂಗೈ ಒದ್ದೆ ಮಾಡಿ ಸವರಿ, ಕಣ್ಣಿಗೆ ಮುಟ್ಟಿಸಿ ಎಣಿಸಲು ನಿಂತೆ. ಅವರು ನೋಡುತ್ತಿದ್ದರು. ನೂರಾಯಿತು.

“ಏನೂ ಇಲ್ಲರಿ ಅಕ್ಕಾರ,” ಎಂದೆ.

ಅವರು ಮರಿಯನ್ನು ನನ್ನ ಕೈಗೆ ಕೊಟ್ಟರು. ತಮ್ಮ ಅಂಗೈ ಒದ್ದೆ ಮಾಡಿಕೊಂಡು ಚಾದರದ ನಾಲ್ಕೂ ಮೂಲೆ ಸವರಿದರು, ಕಣ್ಣಿಗೆ ಒತ್ತಿಕೊಂಡರು, ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದರು. ನಾನು ಮರಿಯ ಕಾಲು ಅಲುಗದಂತೆ ಹಿಡಿದುಕೊಂಡು ಅವರ ನೂರು ಮುಗಿಯುವವರೆಗೆ ನಿಂತಿದ್ದೆ.